ಎಂಟು ಬೆರಳಿನ ದುಂಡು ಮೇಜು

ಜೆರಾಕ್ಸ್ ಅಂಗಡಿಯ ಅಕ್ಕ ತನ್ನ ಹೆಸರಿನಲ್ಲಿ ನಾಲ್ಕು ಸಲ ಪ್ರವೇಶ ಪರೀಕ್ಷೆ ಬರೆದಿದ್ದಾಳೆ. ಬೇರೆಯವರ ಹೆಸರಿನಲ್ಲಿ ಹನ್ನೊಂದು ಸಲ. ತನ್ನ ನಾಲ್ಕರಲ್ಲಿ ಒಂದೂ ದಡ ಮುಟ್ಟಲಿಲ್ಲ. ಬೇರೆಯವರ ಹನ್ನೊಂದರಲ್ಲಿ ಒಂಬತ್ತು ಮುಟ್ಟಿದವು. ಕಣ್ಣು ಕಾಣದವರಿಗೆ, ಕೈ ಆಡದವರಿಗೆ ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರಕ್ಕೆ ಗುರುತು ಹಾಕಿಕೊಡುವ ಕೆಲಸ ಅದು. ಓದುವಾಗ ಅವಳು ಎಡಗೈ ತೋರುಬೆರಳನ್ನು ಸಾಲಿನ ಕೆಳಗೆ ಇಟ್ಟು, ಒಂದನೇ ತರಗತಿಯ ಮಗುವಿನ ಹಾಗೆ ಪದಪದಕ್ಕೂ ಜರುಗಿಸುತ್ತಾಳೆ. ಒಬ್ಬ ಮೇಲ್ವಿಚಾರಕನಂತೂ ಇವಳಿಗೆ ಓದಲು ಬರುತ್ತದೆ ತಾನೇ ಎಂದು ಕೇಳಿಯೇಬಿಟ್ಟಿದ್ದ. ಅವಳು ನಕ್ಕಳು. ಆ ಬೆರಳು ಅಲ್ಲಿಗೆ ಬಂದು ಕೂತದ್ದು ಹನ್ನೊಂದರಲ್ಲಿ ಮೊದಲನೆಯದರ ಪಾಠದಿಂದ. ಮೊದಲನೆಯದು ಅವಳ ನಾದಿನಿಯ ಪರೀಕ್ಷೆ.

ಅಂಗಡಿ ಇರುವುದು ಒಂದು ಕೋಚಿಂಗ್ ಕ್ಲಾಸಿನ ಮೆಟ್ಟಿಲ ಕೆಳಗೆ. ಅಗಲ ಎರಡು ಯಂತ್ರದಷ್ಟು, ಉದ್ದ ಒಂದು ಬೆಂಚಿನಷ್ಟು. ಬೆಳಿಗ್ಗೆಯಿಂದ ಅಲ್ಲಿ ಹಸಿರು ಬೆಳಕು ಹರಿದಾಡುತ್ತಲೇ ಇರುತ್ತದೆ, ಬಿಸಿಬಿಸಿ ಹಾಳೆಗಳು ಹೊರಗೆ ಬಂದು ಬೀಳುತ್ತಲೇ ಇರುತ್ತವೆ. ಹಾಳೆಯ ತುಂಬ ರೀಸನಿಂಗ್ ಪ್ರಶ್ನೆಗಳು. ಒಬ್ಬ ಉತ್ತರಕ್ಕೆ ನಾಲ್ಕು ಕಿಲೋಮೀಟರ್ ನಡೆದು ಬಲಕ್ಕೆ ತಿರುಗುತ್ತಾನೆ. ಒಬ್ಬಳು ಫೋಟೋ ತೋರಿಸಿ ಇವನ ತಾಯಿ ನನ್ನ ತಂದೆಯ ಒಬ್ಬಳೇ ಮಗಳು ಎನ್ನುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಎಂಟು ಜನ ದುಂಡು ಮೇಜಿನ ಸುತ್ತ ಕೇಂದ್ರಕ್ಕೆ ಮುಖ ಮಾಡಿ ಕುಳಿತಿದ್ದಾರೆ. ವೈದ್ಯನ ಎಡಕ್ಕೆ ಎರಡನೆಯವನು ವಕೀಲ, ಗಾಯಕಿಯ ಪಕ್ಕ ಕಮ್ಮಾರ ಕೂತಿಲ್ಲ, ಹೀಗೆ ಐದಾರು ಸುಳಿವು ಕೊಟ್ಟು ಯಾರು ಎಲ್ಲಿದ್ದಾರೆ ಹೇಳಿ ಎನ್ನುತ್ತಾರೆ. ಈ ಎಂಟು ಜನರನ್ನು ಅಕ್ಕ ವರ್ಷಕ್ಕೆ ಸಾವಿರಾರು ಸಲ ಅಚ್ಚು ಹಾಕಿದ್ದಾಳೆ. ಕೂರಿಸಲು ಹೋದಾಗ ಮಾತ್ರ ಅವರು ಅವಳ ಮಾತು ಕೇಳಲಿಲ್ಲ.

ಅವಳ ಹತ್ತಿರ ಕೆಮ್ಮಿನ ಔಷಧದ ಶೀಷೆಯದೊಂದು ಮುಚ್ಚಳವಿತ್ತು. ಅದನ್ನು ಹಾಳೆಯ ಮೇಲೆ ಬೋರಲು ಹಾಕಿ ಸುತ್ತ ಪೆನ್ಸಿಲ್ ಎಳೆದು ಮೇಜು ಮಾಡುತ್ತಿದ್ದಳು. ಎಷ್ಟು ನೋಟುಪುಸ್ತಕ, ಎಷ್ಟು ಮೇಜು! ಪರೀಕ್ಷೆ ಪಿಯುಸಿ ಮುಗಿಸಿದವರಿಗೆ. ಪಾಸಾದರೆ ದೂರದ ಊರಿನ ತರಬೇತಿ ಸಂಸ್ಥೆಯಲ್ಲಿ ಎರಡು ವರ್ಷ ಹಾಸ್ಟೆಲು, ಆಮೇಲೆ ಖಾತ್ರಿಯಾದ ಆಫೀಸು ಕೆಲಸ. ನಾಲ್ಕು ಸಲಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಮೊದಲ ಎರಡು ಸಲ ತವರಿನಿಂದ ಬರೆದಳು, ಆಮೇಲಿನ ಎರಡು ಗಂಡನ ಮನೆಯಿಂದ. ಅತ್ತೆ ಬೇಡ ಎನ್ನಲಿಲ್ಲ, ಹಾಗೆಂದು ಅವಳಿಗಾಗಿ ಮಿಕ್ಸಿ ನಿಲ್ಲಿಸಿದವರೂ ಅಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು, ಮೊಣಕಾಲ ಮೇಲೆ ಪುಸ್ತಕ ಇಟ್ಟು ಮೇಜು ಬರೆದಳು. ನಾಲ್ಕನೆಯ ಸಲ ಒಂದೇ ಒಂದು ಅಂಕಕ್ಕೆ ಬಾಗಿಲು ಮುಚ್ಚಿತು. ಮುಚ್ಚಳವನ್ನು ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಜೊತೆ ಹಾಕಿಟ್ಟು, ಮಾರನೆಯ ದಿನ ಎಂದಿನಂತೆ ಅಂಗಡಿಗೆ ಹೋದಳು.

ನಾದಿನಿಗೆ ಮನೆಯಲ್ಲಿ ಕರೆಯುವ ಹೆಸರು ಪುಟ್ಟಿ. ಹುಟ್ಟಿದಾಗಿನಿಂದ ಕಣ್ಣು ಕಾಣದು. ಡಿಗ್ರಿ ಮುಗಿಸಿದ್ದಳು. ಅವಳ ಕೋಣೆಯ ಗೋಡೆ ಗಡಿಯಾರಕ್ಕೆ ಗಾಜಿರಲಿಲ್ಲ. ಮುಳ್ಳುಗಳನ್ನು ಮುಟ್ಟಿ ಹೊತ್ತು ನೋಡುತ್ತಿದ್ದಳು. ಒಂದು ದಿನ ಅಣ್ಣನ ಮುಂದೆ ನಿಂತು, ತಾನೂ ಆ ಪರೀಕ್ಷೆ ಕಟ್ಟುತ್ತೇನೆ, ಓದಿ ಬರೆದುಕೊಡುವವರನ್ನು ನಾವೇ ಕರೆದುಕೊಂಡು ಹೋಗಬಹುದಂತೆ ಎಂದಳು. ಯಾರನ್ನು ಎಂದು ಯಾರೂ ಕೇಳಲೇ ಇಲ್ಲ. ಎಲ್ಲರ ಮುಖ ಅಡುಗೆಮನೆಯ ಬಾಗಿಲ ಕಡೆ ತಿರುಗಿತು.

ಅರ್ಜಿಯಲ್ಲಿ ಒಂದು ನಿಯಮವಿತ್ತು. ಬರೆದುಕೊಡುವವರ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲಾದರೂ ಕಡಿಮೆ ಇರಬೇಕು. ಅಕ್ಕನ ಡಿಗ್ರಿ ಎರಡನೇ ವರ್ಷಕ್ಕೇ ನಿಂತುಹೋಗಿತ್ತು. ಅತ್ತೆ ಸಂಭ್ರಮದಿಂದ, ನೋಡು, ನೀನು ಡಿಗ್ರಿ ಬಿಟ್ಟಿದ್ದು ಎಷ್ಟು ಒಳ್ಳೇದಾಯ್ತು ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅಕ್ಕನಿಗೆ ಉತ್ತರ ಕೊಡಲು ಬರುತ್ತಿತ್ತು.

ಮಧ್ಯಾಹ್ನ ಅಂಗಡಿ ಎರಡು ಗಂಟೆ ಮುಚ್ಚುತ್ತದೆ. ಆ ಎರಡು ಗಂಟೆ ಪುಟ್ಟಿಗೆ ಮೀಸಲಾಯಿತು. ಅಕ್ಕ ಅಂಗಡಿಯಿಂದ ಹಾಳೆ ತರುತ್ತಿದ್ದಳು, ಓದುತ್ತಿದ್ದಳು. ಪುಟ್ಟಿ ಗೋಡೆಗೆ ಒರಗಿ, ಎರಡು ಕೈಗಳನ್ನೂ ಎದೆಯ ಮುಂದೆ ಒಂದು ಚೆಂಡು ಹಿಡಿದಂತೆ ಹಿಡಿಯುತ್ತಿದ್ದಳು. ಕಿರುಬೆರಳ ಪಕ್ಕ ಕಿರುಬೆರಳು, ತೋರುಬೆರಳ ಪಕ್ಕ ತೋರುಬೆರಳು. ಹೆಬ್ಬೆರಳು ಬಿಟ್ಟರೆ ಎಂಟು ಬೆರಳು ದುಂಡಗೆ. ಅದೇ ಅವಳ ಮೇಜು. ಸುಳಿವು ಓದಿದ ಹಾಗೆ ಒಂದೊಂದು ಬೆರಳು ಸ್ವಲ್ಪ ಮಿಡಿಯುತ್ತಿತ್ತು, ಯಾರೋ ಬಂದು ಕೂತಂತೆ. ಕೊನೆಯ ಸುಳಿವಿಗೆ ಎಂಟೂ ಬೆರಳು ಸುಮ್ಮನಾಗುತ್ತಿದ್ದವು. ಉತ್ತರ ಬಂದಿರುತ್ತಿತ್ತು.

ಅಕ್ಕ ಆಗಿನ್ನೂ ಮುಚ್ಚಳದ ಸುತ್ತ ಪೆನ್ಸಿಲ್ ಎಳೆಯುತ್ತಿರುತ್ತಿದ್ದಳು. ಹೊಲಿಗೆ ಡಬ್ಬಿಯಿಂದ ಅದನ್ನು ಮತ್ತೆ ಹೊರಗೆ ತೆಗೆದಿದ್ದಳು. ತಾನೂ ಜೊತೆಯಲ್ಲೇ ಬಿಡಿಸಿ ಪುಟ್ಟಿಯ ಉತ್ತರ ತಾಳೆ ನೋಡುತ್ತೇನೆ ಎಂಬ ನೆಪ. ಪುಟ್ಟಿಗೆ ಪೆನ್ಸಿಲಿನ ಸದ್ದು ಕೇಳುತ್ತಿತ್ತು.

"ಅತ್ತಿಗೆ, ಇನ್ನೂ ಮೇಜೇ ಆಗಿಲ್ವಾ? ಪಾಪ, ಅವರು ನಿಂತ್ಕೊಂಡೇ ಇದ್ದಾರೆ."

"ಬಡಗಿ ಬರೋದು ತಡ ಆಯ್ತು," ಎಂದಳು ಅಕ್ಕ.

ಇಬ್ಬರೂ ನಕ್ಕರು. ಪುಟ್ಟಿಯ ನಗು ಕೋಣೆಯ ಆಚೆಗೂ ಹೋಯಿತು. ಅಕ್ಕನದು ಹಲ್ಲಿನ ಹಿಂದೆಯೇ ನಿಂತಿತು. ಈ ಹುಡುಗಿ ಒಂದು ಅಕ್ಷರ ಬರೆಯದೆ, ಒಂದು ಗೆರೆ ಎಳೆಯದೆ, ಗೋಡೆಗೆ ಒರಗಿಕೊಂಡು ಹೇಗೆ ಕೂರಿಸುತ್ತಾಳೆ ಎಂಟೂ ಜನರನ್ನು? ತಾನು ಆರು ವರ್ಷ ಕರೆದೆ, ಗೋಗರೆದೆ. ಇವಳು ಕೈ ಚಾಚಿದರೆ ಸಾಕು, ಸಾಕಿದ ಹಕ್ಕಿಗಳ ಹಾಗೆ ಬಂದು ಬೆರಳ ಮೇಲೆ ಕೂರುತ್ತಾರೆ.

ಅಕ್ಕನಿಗೆ ಅದನ್ನು ಹೊಟ್ಟೆಕಿಚ್ಚು ಎಂದು ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು. ಮೊದಮೊದಲು ಅದಕ್ಕೆ ಸುಸ್ತು ಎಂದು ಹೆಸರಿಟ್ಟಳು. ಕಣ್ಣು ಕಾಣದ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದುಂಟೇ, ಲೋಕ ಏನೆಂದೀತು, ತನಗೇ ತಾನು ಏನೆಂದುಕೊಂಡೇನು? ಆದರೆ ಓದುವ ಹೊತ್ತು ಬಂದರೆ ಅತ್ತೆ ರೇಡಿಯೋ ಆರಿಸಿಬಿಡುತ್ತಿದ್ದರು, ಮಾವ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಿದ್ದರು. ಅಕ್ಕ ಅದನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅತ್ತೆ ಮಿಕ್ಸಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದರು, ಅದೇ ಬಟ್ಟೆ ಕಲ್ಲಿನ ಪಕ್ಕಕ್ಕೆ. ಕಿಟಕಿಯಿಂದ ಅದನ್ನು ಕಂಡ ಅಕ್ಕ ಓದುತ್ತಿದ್ದ ಸಾಲನ್ನು ಎರಡು ಸಲ ಓದಿದಳು.

ಒಮ್ಮೆ ಪುಟ್ಟಿಯೇ ಒಂದು ಪ್ರಶ್ನೆ ಹಾಕಿದಳು. ನನ್ನ ಅತ್ತಿಗೆಯ ಅತ್ತೆಯ ಒಬ್ಬಳೇ ಮಗಳು ನನಗೆ ಏನಾಗಬೇಕು? ಅಕ್ಕ ಹಾಳೆಯ ಮೇಲೆ ವಂಶದ ಗೆರೆ ಎಳೆಯಲು ಶುರುಮಾಡಿದಳು. ಒಳಗಿನಿಂದ ಅತ್ತೆ, ಅಯ್ಯೋ ಅದು ನೀನೇ ಅಲ್ವೇನೇ ಎಂದರು. ಮನೆಯೆಲ್ಲ ನಕ್ಕಿತು. ಎಳೆದ ಗೆರೆಯನ್ನು ಅಕ್ಕ ರಬ್ಬರಿನಿಂದ ಅಳಿಸಿದಳು. ಗೆರೆ ಹೋದ ಮೇಲೂ ಅಳಿಸುತ್ತಲೇ ಇದ್ದಳು.

ಪರೀಕ್ಷೆಗೆ ಎರಡು ಪತ್ರಿಕೆ, ಎರಡು ಭಾನುವಾರ. ಎರಡರಲ್ಲೂ ರೀಸನಿಂಗು, ಮೊದಲನೆಯ ಭಾನುವಾರದ್ದು ಪೂರ್ತಿ ಅದೇ. ಅವರಿಗೆ ಬೇರೆ ಕೋಣೆ ಕೊಟ್ಟಿದ್ದರು. ಶಾಲೆಯೊಂದರ ಪ್ರಯೋಗಾಲಯ, ನಲ್ಲಿಯೊಂದು ಸಣ್ಣಗೆ ತೊಟ್ಟಿಕ್ಕುತ್ತಿತ್ತು. ದೂರದ ಸ್ಟೂಲಿನ ಮೇಲೆ ಮೇಲ್ವಿಚಾರಕಿ ಕೂತಿದ್ದಳು. ಪುಟ್ಟಿಯ ಪಕ್ಕ ಕೂತಾಗ ಅಕ್ಕನಿಗೆ ಬೆಂಚಿನ ಎತ್ತರ, ಪ್ರಶ್ನೆಪತ್ರಿಕೆಯ ಪಿನ್ನು, ಬೆಲ್ಲಿನ ಸದ್ದು ಎಲ್ಲ ಪರಿಚಿತವೆನಿಸಿತು. ಹಾಲ್ ಟಿಕೆಟಿನ ಮೇಲಿನ ಫೋಟೋ ಮಾತ್ರ ತನ್ನದಲ್ಲ.

ಅವರದೊಂದು ಪದ್ಧತಿ ಇತ್ತು. ಅಕ್ಕ ಓದುವುದು, ಪುಟ್ಟಿ ಆಯ್ಕೆ ಹೇಳುವುದು, ಅಕ್ಕ ಅದನ್ನು ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು. ಹತ್ತು ಪ್ರಶ್ನೆಗೊಮ್ಮೆ ಪೆನ್ನು ತೆಗೆದು ಉತ್ತರಪತ್ರಿಕೆಯ ಗುಂಡುಗಳನ್ನು ಕಪ್ಪು ಮಾಡುವುದು. ಕಪ್ಪಾದ ಮೇಲೆ ಬದಲಿಸುವಂತಿಲ್ಲ.

ನಲವತ್ತರವರೆಗೆ ನೀರಿನಂತೆ ಹರಿಯಿತು. ನಲವತ್ತೊಂದಕ್ಕೆ ಮೇಜು ಬಂತು. ಒಂದು ಮೇಜಿಗೆ ಐದು ಪ್ರಶ್ನೆ. ಎಂಟು ಜನ ದುಂಡು ಮೇಜಿನ ಸುತ್ತ ಎಂದು ಕಣ್ಣು ಓದುವಷ್ಟರಲ್ಲಿ ಅಕ್ಕನ ನಾಲಿಗೆ ಸಾಲಿನ ಕೊನೆಗೆ ಹೋಗಿ ನಿಂತಿತ್ತು: "ಕೇಂದ್ರಕ್ಕೆ ಮುಖ ಮಾಡಿ ಕುಳಿತಿದ್ದಾರೆ." ಸುಳಿವುಗಳನ್ನು ಓದಿದಳು. ಚೆಂಡು ಹಿಡಿದ ಕೈಗಳಲ್ಲಿ ಬೆರಳುಗಳು ಮಿಡಿದವು, ಸುಮ್ಮನಾದವು. ನಾಲ್ಕು ಪ್ರಶ್ನೆ ಯಾರ ಎಡಕ್ಕೆ ಯಾರು, ಯಾರ ಬಲಕ್ಕೆ ಯಾರು ಎಂದು. ಐದನೆಯದು, ವೈದ್ಯನಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಿದರೆ ಮೂರನೆಯವರು ಯಾರು. ಪುಟ್ಟಿ ಗಾಯಕಿ ಎಂದಳು. ಎರಡನೇ ಆಯ್ಕೆ. ಐದಕ್ಕೂ ಸೇರಿ ಎರಡು ನಿಮಿಷವೂ ಆಗಿರಲಿಲ್ಲ.

ಪುಟ ತಿರುವುವ ಮುನ್ನ ಅಕ್ಕನ ಕಣ್ಣು ಸುಮ್ಮನೆ ಮೇಲಕ್ಕೆ ಹೋಯಿತು. ಅಲ್ಲಿ ಕೇಂದ್ರಕ್ಕೆ ಮುಖ ಮಾಡಿ ಎಂದು ಇರಲಿಲ್ಲ. ಎಲ್ಲರೂ ಹೊರಮುಖವಾಗಿ ಕುಳಿತಿದ್ದಾರೆ ಎಂದಿತ್ತು. ಮೇಜಿಗೆ ಬೆನ್ನು ಹಾಕಿ, ಗೋಡೆಗಳ ಕಡೆ ನೋಡುತ್ತ.

ಸಾವಿರಾರು ಸಲ ಅಚ್ಚು ಹಾಕಿದ ಸಾಲು ಬಾಯಿಗೆ ತಾನಾಗಿ ಬಂದದ್ದೋ, ಕಣ್ಣು ಕಂಡದ್ದನ್ನು ಬಾಯಿ ಬೇಕೆಂದೇ ಬಿಟ್ಟದ್ದೋ, ಅಕ್ಕನಿಗೆ ಆ ಕ್ಷಣದಲ್ಲಿ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಗೊತ್ತಾದದ್ದು ಇಷ್ಟೇ: ಹೊರಮುಖ ಎಂದರೆ ಎಲ್ಲ ತಲೆಕೆಳಗು, ಐದೂ ಉತ್ತರ ನೆಲಕಚ್ಚಿದಂತೆ. ಅವಳಿಗೆ ಹಾಗೆಂದೇ ಗೊತ್ತಿದ್ದದ್ದು. ಒಂದು ಅಂಕಕ್ಕೆ ತನಗೆ ಮುಚ್ಚಿದ ಬಾಗಿಲಲ್ಲಿ ಐದು ಅಂಕ ಎಂದರೆ ಎಷ್ಟು ದೊಡ್ಡದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ನಲವತ್ತಾರನೆಯದನ್ನು ಓದಿದಳು.

ದನಿ ನಡುಗಲಿಲ್ಲ. ಅದೇ ಅವಳಿಗೆ ಆಶ್ಚರ್ಯ. ನಲವತ್ತೇಳನ್ನೂ ಓದಿದಳು. ಒಬ್ಬ ಉತ್ತರಕ್ಕೆ ನಡೆದು ಬಲಕ್ಕೆ ತಿರುಗಿದ, ಪುಟ್ಟಿ ಅವನನ್ನು ಮನೆ ಮುಟ್ಟಿಸಿದಳು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅಕ್ಕನ ಮನಸ್ಸು ಆಗಲೇ ಮುಂದಿನ ತಿಂಗಳಿಗೆ ಹೋಗಿ ಬಂದಿತ್ತು. ಫಲಿತಾಂಶದ ದಿನ ಅತ್ತೆ ಮತ್ತೆ ರೇಡಿಯೋ ಹಾಕುತ್ತಾರೆ. ಮಾವ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬರುತ್ತಾರೆ. ಪುಟ್ಟಿ ಮುಂದಿನ ವರ್ಷ ಬರೆದರಾಯಿತು, ಅವಳಿಗಿನ್ನೂ ಮೂರು ಸಲ ಬಾಕಿ ಇದೆ. ಯಾರಿಗೂ ಏನೂ ಆಗುವುದಿಲ್ಲ. ಒಂದು ಸಲ ಅವಳೂ ಸೋಲಲಿ, ಒಂದೇ ಒಂದು ಸಲ. ಸೋತು ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಗಾಜು ಹಣೆಗೆ ಎಷ್ಟು ತಣ್ಣಗೆ ತಾಕುತ್ತದೆಂದು ಅವಳಿಗೂ ತಿಳಿಯಲಿ.

ಐವತ್ತು ಮುಗಿಯಿತು. ಗುಂಡು ತುಂಬುವ ಹೊತ್ತು. ಅಕ್ಕ ಪೆನ್ನಿನ ಮುಚ್ಚಳ ತೆಗೆದು ನಲವತ್ತೊಂದರ ಗುಂಡಿನ ಮೇಲೆ ಮೊನೆ ಇಟ್ಟಳು. ಮೊನೆ ಅಲ್ಲೇ ನಿಂತಿತು. ಮನಸ್ಸು ಕರಗಿತೆಂದು ಹೇಳಿದರೆ ಸುಳ್ಳಾದೀತು. ನಾಲ್ಕು ಸಲ ಇದೇ ಮೇಜಿಗೆ ತಪ್ಪು ಉತ್ತರ ತುಂಬಿದ ಕೈ ಅದು. ಗೊತ್ತಿದ್ದೂ ಐದನೆಯ ಸಲ ತುಂಬಲು ಅದು ಒಪ್ಪಲಿಲ್ಲ.

"ಪುಟ್ಟೀ, ಒಂದು ಸಾಲು ತಪ್ಪು ಓದಿದೆ. ಆ ಎಂಟು ಜನ ಒಳಗೆ ನೋಡ್ತಾ ಇಲ್ಲ. ಹೊರಗೆ ಮುಖ ಮಾಡಿದ್ದಾರೆ."

ಪುಟ್ಟಿ ಕೈಗಳನ್ನು ಮತ್ತೆ ಚೆಂಡಿನಂತೆ ಹಿಡಿದಳು.

"ಎಲ್ಲರೂನಾ? ಒಬ್ಬರೂ ಒಳಗಿಲ್ವಾ?"

"ಎಲ್ಲರೂ."

ಅಕ್ಕ ಉಳಿದ ಸಮಯ ಎಷ್ಟೆಂದು ಗೋಡೆಯ ಗಡಿಯಾರ ನೋಡಿದಳು, ಸುಳಿವುಗಳನ್ನು ಮೊದಲಿನಿಂದ ಓದಲು ಉಸಿರೆಳೆದುಕೊಂಡಳು. ಓದುವ ಅಗತ್ಯವೇ ಬೀಳಲಿಲ್ಲ.

"ಹಾಗಾದ್ರೆ ಮೊದಲ ನಾಲ್ಕು ಹಾಗೇ ಇರಲಿ ಅತ್ತಿಗೆ. ಎಲ್ಲರೂ ತಿರುಗಿದ್ರೆ ಅವರವರ ಎಡ ಬಲ ಅವರ ಜೊತೇಲೇ ತಿರುಗತ್ತಲ್ಲ. ಎಡಗಡೆ ಇದ್ದೋರು ಎಡಗಡೇನೇ ಇರ್ತಾರೆ. ಗಡಿಯಾರದ್ದು ಮಾತ್ರ ಉಲ್ಟಾ ಎಣಿಸಬೇಕು. ಗಾಯಕಿ ಬೇಡ, ಕಮ್ಮಾರ ಅಂತ ಹಾಕಿ."

ಅಷ್ಟೇ. ಒಂದು ಆಕಳಿಕೆಯಷ್ಟು ಹೊತ್ತು. ಅಕ್ಕ ಪೆನ್ಸಿಲಿನ ಎರಡನ್ನು ಅಳಿಸಿ ನಾಲ್ಕು ಎಂದು ಬರೆದಳು. ಐದೂ ಗುಂಡುಗಳನ್ನು ಕಪ್ಪು ಮಾಡಿದಳು. ಅಂಚು ದಾಟದಂತೆ, ಅಂದವಾಗಿ. ಒಳಗೆ ಮಾತ್ರ ಯಾರೋ ಕಾದ ಸೌಟು ಇಟ್ಟಂತಾಗಿತ್ತು. ಅವಳ ಎರಡನೆಯ ಪರೀಕ್ಷೆಯಲ್ಲೂ ನಾಲ್ಕನೆಯದರಲ್ಲೂ ಎಂಟು ಜನ ಹೊರಗೆ ಮುಖ ಮಾಡಿಯೇ ಕೂತಿದ್ದರು. ಎರಡು ಸಲವೂ ಅವಳು ಮೊದಲು ಒಳಮುಖವೆಂದುಕೊಂಡು ಎಲ್ಲರನ್ನೂ ಕೂರಿಸಿ, ಆಮೇಲೆ ಸಾಲು ಕಂಡು, ಎಲ್ಲ ಅಳಿಸಿ, ಹೊಸ ಮೇಜು ಎಳೆದು, ಒಬ್ಬೊಬ್ಬರನ್ನೇ ಮತ್ತೆ ಕರೆದು ಕೂರಿಸಿದ್ದಳು. ಹತ್ತು ಹತ್ತು ನಿಮಿಷ ಹಾಳಾಗಿತ್ತು. ಅಳಿಸಬೇಕಾಗಿಯೇ ಇರಲಿಲ್ಲ. ಎಲ್ಲರೂ ತಿರುಗಿದರೆ ಯಾರ ನೆರೆಯೂ ಬದಲಾಗುವುದಿಲ್ಲ ಎಂಬ ಇಷ್ಟು ಚಿಕ್ಕ ಮಾತು, ಸಾವಿರ ಮೇಜು ಬರೆದವಳಿಗೆ ಕಾಣದೆ ಹೋಗಿ, ಒಂದೂ ಬರೆಯದವಳಿಗೆ ಮಾತ್ರ ಕಂಡಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಆ ಸಾಲನ್ನು ಯಾವಾಗ ನೋಡಿದಿರಿ ಎಂದು ಪುಟ್ಟಿ ಕೇಳಿದಳು. ಗುಂಡು ತುಂಬುವಾಗ ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಅಕ್ಕ ಬಾಯಿ ತೆರೆದದ್ದೂ ಅದನ್ನು ಹೇಳಲೆಂದೇ.

"ನಲವತ್ತಾರು ಓದೋಕೆ ಮುಂಚೆ," ಎಂದಳು.

ಪುಟ್ಟಿಯ ಬೆರಳುಗಳು ಮಡಿಲಲ್ಲಿ ಒಂದೊಂದಾಗಿ ಮಡಚಿಕೊಂಡವು. ಅಲ್ಲಿಂದ ಐವತ್ತರವರೆಗಿನ ಐದು ಪ್ರಶ್ನೆ ಎಣಿಸಿದಳೋ ಏನೋ. ಮನೆ ಬರುವವರೆಗೆ ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡಿದ್ದಳು. ಬಾಗಿಲಲ್ಲಿ ಅತ್ತೆ ಹೇಗಾಯಿತು ಎಂದು ಕೇಳಿದಾಗ, ಚೆನ್ನಾಗಾಯಿತು, ಅತ್ತಿಗೆ ಒಂದು ತಪ್ಪನ್ನು ಸರಿಯಾದ ಹೊತ್ತಿಗೆ ಹಿಡಿದರು ಎಂದು ಹೇಳಿ ತನ್ನ ಕೋಣೆಗೆ ಹೋದಳು. ಅತ್ತೆ ಸೊಸೆಯ ಕೈ ಹಿಡಿದುಕೊಂಡರು. ಮದುವೆಯಾಗಿ ಬಂದ ಮೇಲೆ ಅವರು ಹಾಗೆ ಹಿಡಿದದ್ದು ಅದೇ ಮೊದಲು. ಅಕ್ಕ ಕೈ ತೊಳೆಯಬೇಕು ಎಂದು ಬಿಡಿಸಿಕೊಂಡಳು.

ಮಾರನೆಯ ದಿನ ಅವಳು ಹಾಳೆ ಹಿಡಿದು ಬಂದಾಗ ಕೋಣೆಯಲ್ಲಿ ಎದುರುಮನೆಯ ದರ್ಜಿ ಕೂತಿದ್ದಳು. ಹತ್ತನೇ ತರಗತಿ ಓದಿದವಳು, ಕುತ್ತಿಗೆಯಲ್ಲಿ ಇನ್ನೂ ಅಳತೆ ಟೇಪು ನೇತಾಡುತ್ತಿತ್ತು.

"ಎರಡನೇ ಪತ್ರಿಕೆಗೆ ಇವರನ್ನ ಕೇಳಿದೀನಿ ಅತ್ತಿಗೆ," ಎಂದಳು ಪುಟ್ಟಿ. "ಹೆಸರು ಬದಲಾಯಿಸೋಕೆ ಇವತ್ತೇ ಕೊನೆ ದಿನ. ನಿಮಗೆ ಅಂಗಡಿ ಇರತ್ತಲ್ಲ."

ಅಕ್ಕ ಹಾಳೆಗಳನ್ನು ದರ್ಜಿಯ ಕೈಗೆ ಕೊಟ್ಟು ಅಡುಗೆಮನೆಗೆ ಬಂದಳು. ಬಿಡುಗಡೆಯಾಯಿತು ಎಂದುಕೊಂಡಳು. ಇನ್ನು ಆ ಎಂಟು ಬೆರಳನ್ನು ನೋಡುವ ಕಷ್ಟವಿಲ್ಲ. ಬದನೆಕಾಯಿ ಹೆಚ್ಚಲು ಕೂತಳು. ಗೋಡೆಯಾಚೆಯಿಂದ ದರ್ಜಿಯ ಓದು ಕೇಳುತ್ತಿತ್ತು. ಎಡವುತ್ತಿದ್ದಳು, ಮಧ್ಯೆ ಮಧ್ಯೆ ತನ್ನ ಮಾತೂ ಸೇರಿಸುತ್ತಿದ್ದಳು. ಒಂದು ಕಡೆ ದರ್ಜಿಯ ಬಲಕ್ಕೆ ಯಾರು ಎಂಬ ಪ್ರಶ್ನೆ ಬಂದಾಗ, ನನ್ನ ಬಲಕ್ಕೆ ಹೊಲಿಗೆ ಮಿಷನ್ನು, ಇನ್ಯಾರು ಬರ್ತಾರೆ ಎಂದಳು. ಪುಟ್ಟಿ ನಕ್ಕಳು. ಅತ್ತಿಗೆಯ ಜೊತೆ ನಗುತ್ತಿದ್ದ ನಗುವೇ ಅದು, ಕೋಣೆಯ ಆಚೆಗೂ ಬರುವಂಥದು.

ಅಕ್ಕನ ಕೈ ನಿಂತಿತು. ಇಷ್ಟು ದಿನ ಪುಟ್ಟಿಯ ಮೇಲಿದ್ದ ಕಿಚ್ಚು ಒಂದೇ ಏಟಿಗೆ ಮಗ್ಗುಲು ಬದಲಿಸಿ ಆ ಟೇಪು ನೇತುಹಾಕಿಕೊಂಡವಳ ಮೇಲೆ ಬಿತ್ತು. ಅದು ತನ್ನ ಜಾಗ. ಆ ಬೆರಳುಗಳ ಎದುರಿನ ಚಾಪೆ ತನ್ನದು. ಬೇಡವಾಗಿದ್ದ ಜಾಗ ಇಷ್ಟು ಬೇಕಾಗಿತ್ತೆಂದು ಬೇರೆಯವರು ಬಂದು ಕೂತ ಮೇಲೆ ತಿಳಿಯಬೇಕಿತ್ತೆ?

ಬುಧವಾರ ಅದು ನಡೆಯಿತು. ದರ್ಜಿಗೆ ಓದು ರೂಢಿಯಾಗಿತ್ತು, ವೇಗ ಬಂದಿತ್ತು. ಎಂಟು ಜನ ದುಂಡು ಮೇಜಿನ ಸುತ್ತ ಕೇಂದ್ರಕ್ಕೆ ಮುಖ ಮಾಡಿ ಎಂದು ಅವಳು ಒಂದೇ ಉಸಿರಿಗೆ ಹೇಳಿದ್ದು ಗೋಡೆಯಾಚೆ ಕೇಳಿಸಿತು. ಆ ಹಾಳೆ ಅಕ್ಕನಿಗೆ ಗೊತ್ತಿತ್ತು. ಬೆಳಿಗ್ಗೆ ತಾನೇ ಅಚ್ಚು ಹಾಕಿ ತಂದದ್ದು. ಅದರಲ್ಲಿ ನಾಲ್ಕು ಜನ ಒಳಗೆ, ನಾಲ್ಕು ಜನ ಹೊರಗೆ. ಇಲ್ಲಿ ಮಾತ್ರ ತಪ್ಪು ಓದಿದರೆ ನಿಜಕ್ಕೂ ಎಲ್ಲ ಕೆಡುತ್ತದೆ. ಸುಮ್ಮನಿದ್ದರೆ ಪುಟ್ಟಿಗೆ ತಾನಾಗಿ ತಿಳಿಯುತ್ತಿತ್ತು, ಹೊಸಬಳೂ ತಪ್ಪುತ್ತಾಳೆಂದು. ಅಕ್ಕ ಆ ಸುಖವನ್ನು ಒಂದು ಗಳಿಗೆ ಬಾಯಲ್ಲಿ ಇಟ್ಟುಕೊಂಡಳು.

ಆಮೇಲೆ ಎದ್ದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೋಣೆಗೆ ಹೋದಳು. ದರ್ಜಿಯ ಎಡಗೈ ತೋರುಬೆರಳನ್ನು ಹಿಡಿದು ಸಾಲಿನ ಮೊದಲ ಪದದ ಕೆಳಗೆ ಇಟ್ಟಳು.

"ಬಾಯಿಗೆ ಬಂದಿದ್ದು ಓದಬೇಡ. ಬೆರಳಿಗೆ ಬಂದಿದ್ದು ಓದು."

ಪುಟ್ಟಿ ದನಿ ಬಂದ ಕಡೆ ಮುಖ ಎತ್ತಿದಳು. ಕೈಗಳು ಚೆಂಡು ಹಿಡಿದಂತೆಯೇ ಇದ್ದವು, ಇನ್ನೂ ಯಾರೂ ಕೂತಿರಲಿಲ್ಲ. "ಅತ್ತಿಗೆ ಹೇಳಿದ ಹಾಗೇ ಓದಿ," ಎಂದಳು ದರ್ಜಿಗೆ.

ಅಕ್ಕ ಬದನೆಕಾಯಿಯ ಮುಂದೆ ಬಂದು ಕೂತಳು. ಹಿಂದಿನಿಂದ ದನಿ ಈಗ ನಿಧಾನವಾಗಿ, ಪದ ಪದವಾಗಿ ಬರುತ್ತಿತ್ತು. ನಾಲ್ಕು ಜನ ಒಳಗೆ. ನಾಲ್ಕು ಜನ ಹೊರಗೆ. ಒಂದೂ ತಪ್ಪಿಲ್ಲ. ಅಕ್ಕ ಕೊನೆಯ ಸುಳಿವಿನವರೆಗೂ ಕಿವಿಗೊಟ್ಟಳು. ಇಷ್ಟು ಬೇಗ ಕಲಿಯಬಾರದಿತ್ತು ಇವಳು ಎನಿಸಿತು.